ಜೆರೋಮ್ ಸಲ್ಡಾನ್ಹಾ: ನಮ್ಮ ಮರೆವಿಗೆ ಸಂದ ಇತಿಹಾಸಕಾರ

ಉದ್ಯೋಗಾರ್ಥವಾಗಿ ಒಬ್ಬರಾದರೂ ಕೊಲ್ಲಿ ದೇಶಕ್ಕೆ ಹೋಗದ ಕಥೊಲಿಕ ಮನೆ ಮಂಗಳೂರಿನಲ್ಲಿ ವಿರಳ. ಆದರೆ ಆ ಕುವೈತ್, ಬಹರೈನ್, ಕತಾರ್‌ಗಳ ಚರಿತ್ರೆಯನ್ನು ಬರೆಯುವವರು ಇಂದಿಗೂ ಆಶ್ರಯಿಸುವ ಗ್ರಂಥಮಾಲೆಯನ್ನು ಸಂಕಲಿಸಿದವರು ನಮ್ಮದೇ ಸಮಾಜದ ಜೆರೋಮ್ ಎ. ಸಲ್ಡಾನ್ಹಾ ಎಂಬುದನ್ನು ಬಲ್ಲವರು ಕೆಲವರೇ.

19ನೆಯ ಶತಮಾನದ ಉತ್ತರಾರ್ಧದಲ್ಲಿ ಜನಿಸಿದ ಅವರು ಬಿ.ಎ., ಎಲ್‌ಎಲ್‌.ಬಿ. ಪದವೀಧರರಾಗಿ ಮುಂಬಯಿ ಪ್ರಾಂತೀಯ ಸಿವಿಲ್ ಸೇವೆಯನ್ನು ಸೇರಿದರು. 1903ರಲ್ಲಿ ವೈಸ್‌ರಾಯ್ ಕರ್ಜನ್ ಕೊಲ್ಲಿಯ ಪ್ರವಾಸ ಕೈಗೊಂಡರು. ಅದೇ ಕಾಲದಲ್ಲಿ, ಆ ಪ್ರದೇಶದ ಕುರಿತು ಸರಕಾರದಲ್ಲಿ ರಾಶಿಬಿದ್ದಿದ್ದ ಪತ್ರವ್ಯವಹಾರವನ್ನು ಶೋಧಿಸಿ ಸಂಗ್ರಹಿಸುವ ಹೊಣೆ ಸಲ್ಡಾನ್ಹಾರ ಪಾಲಿಗೆ ಬಂದಿತು. 1908ರೊಳಗೆ ಹದಿನೆಂಟು ಸಾರಸಂಗ್ರಹಗಳು ಅಚ್ಚಾದವು. ನೆಜ್ದ್ 1804ರಿಂದ, ಬಹರೈನ್ 1854ರಿಂದ, ಕುವೈತ್ 1896ರಿಂದ. ಮೂರೂ 1904ರ ವರೆಗೆ. ಸರಕಾರದ ಉಪಯೋಗಕ್ಕಷ್ಟೇ ಮೀಸಲಾಗಿದ್ದ ಅವು ಲೊರಿಮರರ ಪ್ರಸಿದ್ಧ ಕೊಲ್ಲಿ ಗ್ಯಾಸೆಟಿಯರಿಗೆ ಆಧಾರವಾದವು. 1986ರಲ್ಲಿ ಎಂಟು ಸಂಪುಟಗಳಾಗಿ ಪುನರ್ಮುದ್ರಣವನ್ನೂ ಕಂಡವು.

ಇದು ಅಪ್ಪಣೆಯ ಕೆಲಸ. ಯಾರ ಅಪ್ಪಣೆಯೂ ಇಲ್ಲದೆ ಅವರು ಮಾಡಿದ್ದು ಇನ್ನೊಂದು. ಸರಕಾರದ ಕಡತಗಳ ನಡುವೆಯೇ, 1904ರಲ್ಲಿ, ಕೊಂಕಣಿ ಜನರ ಜಾತಿಗಳ ಕುರಿತು ಗ್ರಂಥವೊಂದನ್ನು ಹೊರತಂದರು. ಕೊಂಕಣಿ ಸಮುದಾಯಗಳ ಹಾಗೂ ಭಾಷೆಯ ಉಗಮ, ಬೆಳವಣಿಗೆಗಳನ್ನು ಕುರಿತೂ ಬರೆದರು. ಈ ಶೋಧನೆ ಸುಲಭವಾಗಿರಲಿಲ್ಲ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ನಮ್ಮ ಪೂರ್ವಜರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಸಾಗಿದಾಗ ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಬದುಕಿ ಮರಳಿದವರ ಬಳಿ ಉಳಿದಿದ್ದುದು ಬಹುಮಟ್ಟಿಗೆ ಬಾಯಿಮಾತಿನ ನೆನಪು: ಗೋವೆಯ ಮೂಲ ಊರು, ಪೋರ್ಚುಗೀಸ್ ಉಪನಾಮದ ಹಿಂದೆ ಅಡಗಿದ ಪ್ರಭು, ಕಾಮತ, ಪೈ ಎಂಬ ಹಳೆಯ ಹೆಸರು.

ಜಾತಿಯ ಚೌಕಟ್ಟಿನಲ್ಲಿ ಜನರನ್ನು ಕಾಣುವ ಅವರ ಕಾಲದ ರೂಢಿಯನ್ನು ನಾವು ಒಪ್ಪಲಾರೆವು. ಮನೆತನದ ಹೆಮ್ಮೆ ಪುರಾವೆಯಲ್ಲವೆಂಬುದನ್ನೂ ಹೇಳಲೇಬೇಕು. ನಮ್ಮಲ್ಲಿ ಇದನ್ನು ಕೇಳಬಯಸುವವರು ಕಡಿಮೆ! ಆದರೂ ತನ್ನವರ ಬಗ್ಗೆ ಬರೆಯುವಾಗಲೂ ದಾಖಲೆ ಹುಡುಕಬೇಕೆಂದು ಹೊರಟ ನಮ್ಮ ಮೊದಲಿಗರಲ್ಲಿ ಅವರೊಬ್ಬರು. ಮುಂದೆ ಅವರು ಮದರಾಸು ಶಾಸನ ಪರಿಷತ್ತಿನ ಸದಸ್ಯರೂ ಆದರು.

ಮುತ್ತಜ್ಜನ ಜ್ಞಾನಸ್ನಾನದ ದಾಖಲೆಯನ್ನು ಕೇಳಿಕೊಂಡು ವಿದೇಶದಿಂದ ಮೊಮ್ಮಕ್ಕಳು ನಮ್ಮ ಬಳಿಗೆ ಬರುತ್ತಾರೆ. ಕೆಲವು ಪುಟಗಳು ಗೆದ್ದಲಿಗೆ ಆಹಾರವಾಗಿವೆ. ಸಲ್ಡಾನ್ಹಾರ 1904ರ ಗ್ರಂಥವನ್ನು ನಮ್ಮ ಧರ್ಮಕೇಂದ್ರದ ಮನೆಗಳಲ್ಲಿ ವಿಚಾರಿಸಿದೆವು. ಒಂದು ಪ್ರತಿಯೂ ಸಿಗಲಿಲ್ಲ. ಒಂದು ಮನೆಯಲ್ಲಿ ಮಾತ್ರ ವೃದ್ಧೆಯೊಬ್ಬರು ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಗೇಣಿ ಚೀಟಿಗಳನ್ನು ತಂದು ತೋರಿಸಿದರು. ಅದರಲ್ಲಿದ್ದ ನಾಲ್ಕು ತಲೆಮಾರುಗಳ ಹೆಸರನ್ನು ಅಲ್ಲಿಯೇ ಕುಳಿತು ಬರೆದುಕೊಂಡೆವು.