ರಮಾಬಾಯಿ ರೊಕ್ಕವನ್ನು ಕಂಡ ಬಗೆ: ಆಮಿಷದ ಮಾತಾಡುವವರು ಓದಬೇಕಾದ ಬದುಕು

ಕ್ರೈಸ್ತರ ಬಗ್ಗೆ ನಮ್ಮ ಕಡೆ ಮಾತು ಶುರುವಾದರೆ ಎರಡನೇ ವಾಕ್ಯಕ್ಕೇ ಅದು ರೊಕ್ಕಕ್ಕೆ ಬಂದು ನಿಲ್ಲುತ್ತದೆ. ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಕೂತರೂ ಅದೇ, ರಬಕವಿ-ಬನಹಟ್ಟಿಯ ಚಹಾದಂಗಡಿಯಲ್ಲಿ ಕೂತರೂ ಅದೇ. ವಿದೇಶದಿಂದ ದುಡ್ಡು ಬರುತ್ತದಂತೆ, ಆ ದುಡ್ಡು ಕೊಟ್ಟು ಮಂದಿಯನ್ನು ಸೆಳೆಯುತ್ತಾರಂತೆ. 2022ರಲ್ಲಿ ರಾಜ್ಯ ತಂದ ಮತಾಂತರ ನಿಷೇಧ ಕಾಯ್ದೆ ಈ ಅಂತೆಕಂತೆಗಳಿಗೆ ಕಾನೂನಿನ ಭಾಷೆ ಕೊಟ್ಟಿತು. ಉಡುಗೊರೆ, ನಗದು, ನೌಕರಿ, ಉಚಿತ ಶಿಕ್ಷಣ ಎಲ್ಲವೂ ಆಮಿಷದ ಪಟ್ಟಿಗೆ ಸೇರಿದವು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಚಹಾದಂಗಡಿಯ ಮಾತು ಮಾತ್ರ ಹಾಗೇ ಉಳಿದಿದೆ.

ಈ ಪ್ರಶ್ನೆಯನ್ನು ತಳ್ಳಿಹಾಕಬೇಕು ಅಂತ ನಾನು ಹೇಳುವುದಿಲ್ಲ. ಧರ್ಮದ ಕೈಗೆ ದುಡ್ಡು ಬಂದಾಗ ಏನಾಗುತ್ತದೆ ಎಂದು ಕೇಳಲೇಬೇಕು. ಚರ್ಚಿಗೂ ಕೇಳಬೇಕು, ಮಠಕ್ಕೂ ಕೇಳಬೇಕು. ಹಾಗೆ ಕೇಳುವಾಗೆಲ್ಲ ನನಗೆ ನೆನಪಾಗುವವರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ಎಂದು ನಾವು ಬಿಟ್ಟುಕೊಟ್ಟಿರುವ ಈ ಹೆಣ್ಣುಮಗಳು ಹುಟ್ಟಿದ್ದು ಕರ್ನಾಟಕದಲ್ಲೇ, 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಎಂಬ ಕಾರಣಕ್ಕೆ ಸ್ವಜಾತಿಯವರ ವಿರೋಧ ಕಟ್ಟಿಕೊಂಡವರು. ಕಾಡಿನೊಳಗಿನ ಅವರ ಮನೆಗೆ ವಿದ್ಯಾರ್ಥಿಗಳು ಬಂದರು, ಯಾತ್ರಿಕರೂ ಬಂದರು. ಬಂದವರಿಗೆಲ್ಲ ಊಟ ಹಾಕಿ ಹಾಕಿ ಸಾಲ ಬೆಳೆಯಿತು. ರಮಾಬಾಯಿ ಇನ್ನೂ ಕೈಕೂಸಾಗಿದ್ದಾಗಲೇ ಕುಟುಂಬ ಮನೆ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಊರೂರು ಸುತ್ತಿ ಪುರಾಣ ಓದುವುದು, ಬಂದ ಕಾಣಿಕೆಯಲ್ಲಿ ಬದುಕುವುದು, ಉಳಿದದ್ದನ್ನು ಪುಣ್ಯಕ್ಷೇತ್ರಗಳಲ್ಲಿ ದಾನ ಮಾಡುವುದು. ಆ ಮನೆಯಲ್ಲಿ ರೊಕ್ಕ ಅಂದರೆ ಪುಣ್ಯ ಕೊಳ್ಳುವ ಸಾಧನವಾಗಿತ್ತು.

1870ರ ದಶಕದಲ್ಲಿ ಬರ ಬಿತ್ತು. ಆ ದಶಕದ ಕೊನೆಯ ಮಹಾ ಬರ ನಮ್ಮ ಭಾಗಕ್ಕೂ ಗೊತ್ತು. ಮುಂಬಯಿ ಪ್ರಾಂತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಅಲ್ಲಿನ ಜನಸಂಖ್ಯೆ ಕುಸಿದದ್ದು 1881ರ ಜನಗಣತಿಯಲ್ಲೇ ಕಾಣುತ್ತದೆ. ರಮಾಬಾಯಿಯವರ ಕುಟುಂಬ ಆಗ ತೆಂಕಣದ ಮದರಾಸು ಪ್ರಾಂತ್ಯದಲ್ಲಿತ್ತು. ಕೈಯಲ್ಲಿದ್ದದ್ದೆಲ್ಲ ದಾನಕ್ಕೆ, ವ್ರತಕ್ಕೆ ಹೋಗಿತ್ತು. ಕೂಲಿ ಮಾಡಲು ಜಾತಿ ಬಿಡಲಿಲ್ಲ, ಬೇಡಲು ಮಾನ ಬಿಡಲಿಲ್ಲ. ಎಲೆ, ಕಾಡುಹಣ್ಣು ತಿಂದು ದಿನ ತಳ್ಳಿದರು. ತಂದೆ ಜಲಸಮಾಧಿಯ ಯೋಚನೆಯವರೆಗೂ ಹೋದರು. ಕೊನೆಗೆ ಅಣ್ಣ ಶ್ರೀನಿವಾಸ ಜಾತಿಯ ಹಮ್ಮು ಬದಿಗಿಟ್ಟು ಕೂಲಿಗೆ ಹೋಗುವೆನೆಂದ. ಆದರೆ ಹೊತ್ತು ಮೀರಿತ್ತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು.

ಮಗ್ಗದ ಮೇಲೆ ಬದುಕುವ ಊರಿನವನಾದ ನನ್ನನ್ನು ಈ ಘಟ್ಟ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುವುದು ನಮ್ಮಲ್ಲಿ ಎಳೆ ಮಕ್ಕಳಿಗೂ ಗೊತ್ತು. ಹದಿನೆಂಟು ಸಾವಿರ ಶ್ಲೋಕ ಬಾಯಿಪಾಠವಿದ್ದ ಹುಡುಗಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಮುಂದೆ ಆಕೆ ಕಟ್ಟಿದ ಎಲ್ಲದರ ಹಿಂದೆ ಆ ಹಸಿವಿನ ಪಾಠ ಇದೆ ಎಂದು ನನಗೆ ಅನ್ನಿಸುತ್ತದೆ.

ಅಣ್ಣ-ತಂಗಿ ನಡೆದೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ತಲುಪಿದರು. ಅಲ್ಲಿನ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಜಾತಿ ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಅವರನ್ನು ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ ಗಂಡನೂ ಹೋದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. 1882ರಲ್ಲಿ ಸ್ತ್ರೀಧರ್ಮನೀತಿ ಪುಸ್ತಕ ಬರೆದರು, ಅದನ್ನು ಮಾರಿದ ದುಡ್ಡನ್ನು ಇಂಗ್ಲೆಂಡಿಗೆ ಹೋಗುವ ಖರ್ಚಿಗೆ ಇಟ್ಟುಕೊಂಡರು. ಅಲ್ಲಿ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿದ್ದಾಗ ಪುಕ್ಕಟೆ ಇರಲಿಲ್ಲ, ಭಾರತಕ್ಕೆ ಬರಲಿದ್ದವರಿಗೆ ಮರಾಠಿ ಕಲಿಸಿದರು. 1883ರಲ್ಲಿ ಮಗಳ ಜೊತೆ ದೀಕ್ಷಾಸ್ನಾನ ಪಡೆದರು.

ದೀಕ್ಷೆ ಕೊಟ್ಟ ಚರ್ಚಿಗೆ ಆಕೆ ತಲೆಬಾಗಲಿಲ್ಲ ಎಂಬುದನ್ನು ಆಮಿಷವಾದಿಗಳು ಗಮನಿಸಬೇಕು. ಗಂಡಸರಿಗೆ ಪಾಠ ಹೇಳಬಾರದು ಎಂದು ಬಿಷಪ್‌ಗಳು ತಕರಾರು ತೆಗೆದಾಗ ಆಕೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಉಣ್ಣಲು ಕೊಟ್ಟವರಿಗೆ ಬುದ್ಧಿಯನ್ನೂ ಒಪ್ಪಿಸಬೇಕೆಂಬ ನಿಯಮ ಆಕೆಗೆ ಹಿಡಿಸಲಿಲ್ಲ.

1886ರಲ್ಲಿ ಆನಂದಿಬಾಯಿ ಜೋಶಿ ವೈದ್ಯ ಪದವಿ ಪಡೆಯುವುದನ್ನು ನೋಡಲು ಅಮೆರಿಕಕ್ಕೆ ಹೋದರು. ಮುಂದಿನ ವರ್ಷ ಮೇಲ್ಜಾತಿ ಹಿಂದೂ ಹೆಣ್ಣಿನ ಪಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಬಾಲವಿಧವೆಯರ ಶಾಲೆಗೆ 10 ವರ್ಷ ಹಣ ಕೊಡುವುದಾಗಿ ಒಪ್ಪಿತು. ಹಣದ ಜೊತೆ ಒಂದು ಷರತ್ತೂ ಬಂತು: ಶಾಲೆಯಲ್ಲಿ ಮತಬೋಧನೆ ಇರಕೂಡದು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು, ಮರುವರ್ಷ ಪುಣೆಗೆ ಬಂತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿ ಎಂಬ ವಿಧವೆ ಮುಂದೆ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾದರು.

ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು. ಪಟವರ್ಧನರ ಜಮಖಂಡಿಯ ಓದಿದ ಮಂದಿಗೂ ಪುಣೆಯ ಈ ಹೆಸರುಗಳು ಹೊಸವಲ್ಲ. ಆದರೆ ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಕೆಲವು ಹುಡುಗಿಯರು ಒಳಗೆ ಬಂದು ಕೂರುತ್ತಿದ್ದರು. 1893ರಲ್ಲಿ ಇದು ಸ್ಫೋಟವಾಯಿತು. ಟಿಳಕರ ಕೇಸರಿ ಹರಿಹಾಯ್ದಿತು, ಸಲಹಾ ಮಂಡಳಿಯವರು ರಾಜೀನಾಮೆ ಕೊಟ್ಟರು, ಅನೇಕ ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಯಾರ ಮೇಲೂ ಒತ್ತಡ ಹಾಕಿಲ್ಲ ಅನ್ನುವುದು ರಮಾಬಾಯಿಯವರ ನಿಲುವು. ನಂಬಿ ಬಂದ ಬಾಲೆಯರ ಮೇಲೆ ಪ್ರಭಾವವೇ ಒತ್ತಡ ಅನ್ನುವುದು ಎದುರಾಳಿಗಳ ವಾದ. ಎರಡನೆಯದರಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆದರೆ ಆ ವಿಧವೆಯರ ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದ ಮನೆಗಳು ಯಾವ ಒತ್ತಡವನ್ನೂ ಹಾಕಿರಲಿಲ್ಲವೇ ಎಂದು ಆಗ ಕೇಳಿದವರು ಕಡಿಮೆ.

ಇಲ್ಲಿಂದ ಆಕೆಯ ಹಣದ ದಾರಿ ಬೇರೆಯಾಯಿತು. ಅಮೆರಿಕದ ದುಡ್ಡು 10 ವರ್ಷಕ್ಕೆ ಮಾತ್ರ ಎಂದು ಗೊತ್ತಿದ್ದರಿಂದ ಪುಣೆಯಾಚೆ ಕೇಡಗಾಂವದಲ್ಲಿ ಜಮೀನು ಕೊಂಡು ಹಣ್ಣಿನ ತೋಟ ಹಾಕಿಸಿದ್ದರು. ಶಾಲೆ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ಲೆಕ್ಕಾಚಾರ. ಬ್ರಿಸ್ಟಲ್‌ನಲ್ಲಿ ಅನಾಥಾಶ್ರಮ ನಡೆಸಿದ ಜಾರ್ಜ್ ಮುಲ್ಲರ್ ಅವರ ಕತೆಯನ್ನೂ ಓದಿದ್ದರು. ಮನುಷ್ಯರ ಮುಂದೆ ಕೈಚಾಚದೆ ದೇವರಲ್ಲಿ ಮಾತ್ರ ಕೇಳುವ ರೀತಿ ಅದು. ಏಸು ಹೇಳಿದ ಸೂಜಿಕಣ್ಣಿನ ಒಂಟೆಯ ಮಾತು ಆಕೆಗೆ ಬರೀ ಪ್ರವಚನದ ವಿಷಯವಾಗಿರಲಿಲ್ಲ. ಕೂಡಿಡುವ ಆಸೆ ಆಕೆಗಿರಲಿಲ್ಲ. ಹತ್ತಿಯ ಬಿಳಿ ಸೀರೆ ಉಟ್ಟು, ಸಸ್ಯಾಹಾರಿಯಾಗೇ ಉಳಿದರು.

1896-97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. 1900ರ ಗುಜರಾತ್ ಬರದ ನಂತರ ಕೇಡಗಾಂವದ ಮುಕ್ತಿ ಮಿಷನ್ನಿನಲ್ಲಿ ಸುಮಾರು 2000 ಮಂದಿ ಇದ್ದರು. ಅಷ್ಟು ಮಂದಿಯನ್ನು ಬರೀ ಪ್ರಾರ್ಥನೆ ಸಾಕಲಿಲ್ಲ. ಮಗ್ಗ, ಎಣ್ಣೆಗಾಣ, ಹೊಲಿಗೆ, ಹೈನು, ತೋಟ, ಮುದ್ರಣಾಲಯ, ಎಲ್ಲವನ್ನೂ ಹೆಣ್ಣುಮಕ್ಕಳೇ ನಡೆಸಿದರು. ಅಚ್ಚುಮೊಳೆ ಜೋಡಿಸುವುದರಿಂದ ಹಿಡಿದು ಪುಸ್ತಕ ಕಟ್ಟುವವರೆಗೆ ಅವರದೇ ಕೈ. ಕುರುಡಿಯರಿಗೆ ಬ್ರೈಲ್ ಕಲಿಸಿದರು. ಬರದಲ್ಲಿ ತನ್ನ ಮನೆಯವರನ್ನು ಕೊಂದ ಆ ಕೈಕಟ್ಟನ್ನು ರಮಾಬಾಯಿ ಹೀಗೆ ಬಿಡಿಸಿದರು. ನಮ್ಮ ಶರಣರ ನೆಲದವರಿಗೆ ಇದು ಕಾಯಕ ಅಂತ ಬೇರೆ ವಿವರಿಸಬೇಕಿಲ್ಲ.

ಹಾಗಂತ ಆಕೆಯನ್ನು ದೇವತೆ ಮಾಡಬೇಕಿಲ್ಲ. ಮುಕ್ತಿ ಮಿಷನ್ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಬರದಿಂದ ಬದುಕಿ ಬಂದ ಅನಾಥ ಹುಡುಗಿ ಅನ್ನ ಹಾಕಿದವರ ಧರ್ಮ ಸೇರಿದರೆ ಅದು ಎಷ್ಟರಮಟ್ಟಿಗೆ ಅವಳದೇ ಆಯ್ಕೆ? ಈ ಪ್ರಶ್ನೆ ಇವತ್ತಿಗೂ ಇದೆ. ಯಾರನ್ನೂ ಕೇಳುವುದಿಲ್ಲ ಎಂದರೂ ಸಂಸ್ಥೆಯ ಪತ್ರಿಕೆ ಪಾಶ್ಚಾತ್ಯ ಓದುಗರ ಮುಂದೆ ಅಗತ್ಯಗಳನ್ನು ಇಡುತ್ತಿತ್ತು. ಅದೂ ಒಂದು ಬಗೆಯ ಕೇಳಿಕೆಯೇ ತಾನೆ?

1910ರ ದಶಕದಲ್ಲಿ ಮಗಳು ಮನೋರಮಾ ಗುಲ್ಬರ್ಗದಲ್ಲಿ ಶಾಲೆ ತೆರೆದರು. ಕನ್ನಡ ನೆಲಕ್ಕೆ ಆ ಕೆಲಸ ಹೀಗೆ ಮರಳಿತು. 1921ರಲ್ಲಿ ಮನೋರಮಾ ತೀರಿಕೊಂಡರು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತರುತ್ತಿದ್ದ ತಾಯಿ, ಆ ಕೆಲಸ ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು.

ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ರಮಾಬಾಯಿಯವರ ಬದುಕಿನಲ್ಲಿ ಉತ್ತರ ಸುಲಭ: ಹೊರಗಿನಿಂದ ಬಂತು. ಅದು ಯಾರನ್ನು ಏನು ಮಾಡಿತು ಎಂಬ ಪ್ರಶ್ನೆಗೆ ಉತ್ತರ ಕಷ್ಟದ್ದು, ಬೆಲೆಯುಳ್ಳದ್ದೂ ಅದೇ. ಪಡೆದವಳು ಕೊಟ್ಟವರಿಗೆ ಎದುರು ಮಾತಾಡುವಷ್ಟು ಗಟ್ಟಿಯಾದಳೇ, ನಾಳೆ ಆ ಹಣ ನಿಂತರೂ ಅವಳ ಕೈಯಲ್ಲಿ ದುಡಿಮೆ ಉಳಿಯಿತೇ? ಚರ್ಚು, ಮಠ, ಮಸೀದಿ, ಸರ್ಕಾರ, ವಾರ ವಾರ ಕಂತು ಎತ್ತಲು ನೇಕಾರರ ಓಣಿಗೆ ಬರುವ ಸಾಲದ ಸಂಘ, ಯಾರನ್ನಾದರೂ ಈ ತಕ್ಕಡಿಯಲ್ಲಿ ತೂಗಿ ನೋಡಿ. ಆಮಿಷ ಯಾವುದು, ಆಸರೆ ಯಾವುದು ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ.