ತಾವ್ ಶಿಂಗ್‌ಜಿ: ಸಾವಿರ ಅಕ್ಷರಗಳ ಉಪಾಧ್ಯಾಯರು

ಕನ್ನಡದ ಬಾಲಕನು ವರ್ಣಮಾಲೆಯನ್ನೂ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಕಲಿತನೆಂದರೆ ಯಾವ ಪುಸ್ತಕವನ್ನಾದರೂ ಕೂಡಿಸಿ ಓದಬಲ್ಲನು. ಅರ್ಥವು ಅನಂತರದ ಮಾತು. ಚೀನದ ಬಾಲಕನಿಗೆ ಈ ಸೌಕರ್ಯವಿಲ್ಲ. ವೃತ್ತಪತ್ರಿಕೆಯನ್ನು ಸರಾಗವಾಗಿ ಓದಬೇಕಾದರೆ ಅವನು ಎರಡು ಮೂರು ಸಾವಿರ ಲಿಪಿಗಳನ್ನು ಒಂದೊಂದಾಗಿ ಕಲಿಯಬೇಕು. ಹೊಲಗೇಯುವವನಿಗೂ ಕೂಲಿಯವನಿಗೂ ಅಷ್ಟು ವಿರಾಮವೆಲ್ಲಿಯದು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರಲ್ಲಿ ತಾವ್ ಶಿಂಗ್‌ಜಿಯವರು ಅಗ್ರಗಣ್ಯರು.

1891ರಲ್ಲಿ ಆನ್‌ಹ್ವೇ ಪ್ರಾಂತದ ಬಡ ಮನೆತನವೊಂದರಲ್ಲಿ ಹುಟ್ಟಿದ ಇವರು, ನಾನ್‌ಕಿಂಗಿನಲ್ಲಿಯೂ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗಮಾಡಿ, ಜಾನ್ ಡ್ಯೂಯಿಯವರ ಶಿಷ್ಯರೆನಿಸಿ, 1917ರಲ್ಲಿ ಸ್ವದೇಶಕ್ಕೆ ಮರಳಿದರು. 1923ರಲ್ಲಿ ಜು ಜಿಂಗ್‌ನುಂಗ್ ಅವರೊಡನೆ 'ಜನಸಾಮಾನ್ಯರ ಸಾವಿರಕ್ಷರ ಪಾಠ'ವನ್ನು ರಚಿಸಿದರು. ಉಪಾಯವು ಪೂರ್ತಿಯಾಗಿ ಇವರದೇ ಅಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿದ್ದ ಚೀನೀ ಕೂಲಿಗಳಿಗೆ ಓದು ಕಲಿಸಿದ ಯೆನ್ ಯಾಂಗ್‌ಚು ಅವರು ಆ ಮಾರ್ಗವನ್ನು ಮೊದಲು ತೆರೆದಿದ್ದರು. ನಾಲ್ಕು ಭಾಗಗಳು, 96 ಪಾಠಗಳು. ದಿನಕ್ಕೆ ಒಂದು ಗಂಟೆಯಂತೆ ನಾಲ್ಕು ತಿಂಗಳ ಅಭ್ಯಾಸ. ಹೆಚ್ಚಾಗಿ ಬಳಕೆಯಲ್ಲಿರುವ ಲಿಪಿಗಳನ್ನೇ ಆರಿಸಿ, ಗ್ರಾಂಥಿಕ ಭಾಷೆಯನ್ನು ಬಿಟ್ಟು ಆಡುಮಾತಿನಲ್ಲಿ, ಪಾಠಕ್ಕೆ ಕೆಲವೇ ಹೊಸ ಲಿಪಿಗಳಂತೆ ಜೋಡಿಸಲಾಗಿತ್ತು. ಅರ್ಥವರಿಯದೆ ಅಮರವನ್ನು ಬಾಯಿಪಾಠಮಾಡಿದ ನಮ್ಮಂಥವರಿಗೆ ಈ ಕ್ರಮದ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಪುಸ್ತಕದ ಮೊದಲ ಪರೀಕ್ಷೆ ಅವರ ಮನೆಯಲ್ಲಿಯೇ ನಡೆಯಿತು. ಐವತ್ತೇಳು ವರ್ಷದ ತಾಯಿಗೆ ಅಕ್ಷರಜ್ಞಾನವಿರಲಿಲ್ಲ. ಆರು ವರ್ಷದ ಮೊಮ್ಮಗನು ಅಜ್ಜಿಯ ಪಕ್ಕದಲ್ಲಿ ಕುಳಿತು ಪಾಠ ಹೇಳಿದನು. ಕೆಲವು ಪಾಠಗಳು ಮುಗಿದ ಮೇಲೆ, ಊರೂರು ತಿರುಗುತ್ತಿದ್ದ ಮಗನು ಆಕೆ ಕಲಿತಿದ್ದ ಲಿಪಿಗಳನ್ನೇ ಬಳಸಿ ಕಾಗದ ಬರೆದನು. ಆ ವೃದ್ಧಮಾತೆಯು ಅದನ್ನು ಓದಿಕೊಂಡಳು. 1934ರಲ್ಲಿ ತಾವ್ ಅವರು ಪ್ರಚಾರಕ್ಕೆ ತಂದ 'ಕಿರಿಯ ಉಪಾಧ್ಯಾಯ' ಪದ್ಧತಿಯ ಬೀಜ ಇದೇ.

ಸಾವಿರ ಲಿಪಿಗಳಿಂದ ಪತ್ರಿಕೆಯನ್ನು ಓದಲಾಗದೆಂಬ ಆಕ್ಷೇಪಣೆ ನಿಜವೇ. ಮುಂದಿನ ಮೆಟ್ಟಿಲಿನ ಪುಸ್ತಕಗಳು ದೊರೆಯದಿದ್ದರೆ ಕಲಿತದ್ದೂ ಮರೆತುಹೋಗುತ್ತದೆ. ಆದರೆ ಮೊದಲ ಮೆಟ್ಟಿಲೇ ಇಲ್ಲದವನಿಗೆ ಎರಡನೆಯದರ ಮಾತೇಕೆ?

1927ರಲ್ಲಿ ನಾನ್‌ಕಿಂಗಿನ ಬಳಿ ಅವರು ಸ್ಥಾಪಿಸಿದ ಶಿಯಾವ್‌ಜುವಾಂಗ್ ಗ್ರಾಮಶಿಕ್ಷಕರ ಶಾಲೆಯನ್ನು 1930ರಲ್ಲಿ ಚಿಯಾಂಗ್ ಕೈ ಷೇಕರ ಸರಕಾರವು ಮುಚ್ಚಿಸಿತು. ಅವರು ಜಪಾನಿಗೆ ತಲೆಮರೆಸಿಕೊಂಡು ಹೋಗಬೇಕಾಯಿತು. ಮೊದಲು 'ಜಿಶಿಂಗ್', ಎಂದರೆ ಅರಿತು ಆಚರಿಸುವುದು, ಎಂದಿದ್ದ ಹೆಸರನ್ನು ತಿರುಗಿಸಿ, ಆಚರಣೆಯಿಂದಲೇ ಅರಿವೆಂದು 'ಶಿಂಗ್‌ಜಿ' ಎಂದಿಟ್ಟುಕೊಂಡರು. 1938ರಲ್ಲಿ ಭರತಖಂಡಕ್ಕೆ ಬಂದು ಮಹಾತ್ಮಾ ಗಾಂಧಿಯವರನ್ನು ಕಂಡರು. 1946ನೆಯ ಜುಲೈಯಲ್ಲಿ ಅವರ ಮಿತ್ರರಾದ ಲಿ ಗುಂಗ್‌ಪು, ವೆನ್ ಇದುವೋ ಇಬ್ಬರೂ ಕೊಲೆಯಾದರು. ಅದೇ ತಿಂಗಳ 25ರಂದು ಶಾಂಘಾಯಿಯಲ್ಲಿ ತಾವ್ ಅವರು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು.