ಸರ್ ಸಯ್ಯದ್ ಅಹ್ಮದ್ ಖಾನ್ ಮತ್ತು ಅವರ ಪತ್ರಿಕೆಗಳು

ಸರ್ ಸಯ್ಯದ್ ಅಹ್ಮದ್ ಖಾನ್ ಎಂದ ಕೂಡಲೇ ನಮಗೆ ನೆನಪಾಗುವುದು ಅಲಿಗಢದ ಕಾಲೇಜು. ಅಕ್ಟೋಬರ್ 17ರಂದು ಅವರ ಜನ್ಮದಿನ ಆಚರಿಸುವಾಗ ಭಾಷಣಗಳೆಲ್ಲ ಆ ಕಾಲೇಜಿನ ಬಗ್ಗೆಯೇ ಇರುತ್ತವೆ. ಅದು ತಪ್ಪಲ್ಲ. ಆದರೆ ಕಾಲೇಜು ತೆರೆಯುವ ಮೊದಲೇ ಅವರು ಎರಡು ಪತ್ರಿಕೆಗಳನ್ನು ಹೊರಡಿಸಿದ್ದರು. ಆ ಪತ್ರಿಕೆಗಳು ಜನರ ಮನಸ್ಸನ್ನು ಹದಗೊಳಿಸದಿದ್ದರೆ ಕಾಲೇಜಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳು ಸಿಗುವುದು ಕಷ್ಟವಿತ್ತೆಂದು ನನ್ನ ಅನಿಸಿಕೆ. ಟಿ.ವಿ., ಮೊಬೈಲುಗಳು ಸಮಾಜವನ್ನು ಹೇಗೆ ಬದಲಿಸುತ್ತಿವೆ ಎಂದು ಚರ್ಚಿಸುವ ನಮ್ಮ ವಿದ್ಯಾರ್ಥಿ ಮಿತ್ರರು ಅವರ ಜೀವನದ ಈ ಭಾಗವನ್ನೂ ತಿಳಿಯಬೇಕು.

ಅವರು ಹುಟ್ಟಿದ್ದು 1817ರಲ್ಲಿ, ದೆಹಲಿಯಲ್ಲಿ. ತಾತ ಖ್ವಾಜಾ ಫರೀದುದ್ದೀನ್ ಮೊಗಲ್ ದೊರೆ ಎರಡನೇ ಅಕ್ಬರ್ ಷಾ ಅವರ ಮಂತ್ರಿಯಾಗಿದ್ದವರು. ತಾಯಿ ಅಜೀಜುನ್ನಿಸಾ ಬೇಗಂ ಮಗನನ್ನು ಬಹಳ ಶಿಸ್ತಿನಿಂದ ಬೆಳೆಸಿದರು. 1838ರಲ್ಲಿ ತಂದೆ ತೀರಿಕೊಂಡಾಗ ಸಂಸಾರದ ಭಾರ ಹೆಗಲಿಗೆ ಬಿತ್ತು. ಅವರು ಕಂಪನಿ ಸರ್ಕಾರದ ನ್ಯಾಯಾಲಯದಲ್ಲಿ ನೌಕರಿಗೆ ಸೇರಿದರು, 1841ರಲ್ಲಿ ಮುನ್ಸಿಫರಾದರು. ಅಣ್ಣ ಸಯ್ಯದ್ ಮುಹಮ್ಮದ್ ಖಾನ್ ದೆಹಲಿಯಲ್ಲಿ ‘ಸಯ್ಯದುಲ್ ಅಖ್ಬಾರ್’ ಎಂಬ ಉರ್ದು ಪತ್ರಿಕೆ ನಡೆಸುತ್ತಿದ್ದರು. ತಮ್ಮನ ಬರವಣಿಗೆಯ ಅಭ್ಯಾಸ ಶುರುವಾದದ್ದೇ ಅಲ್ಲಿ. 1845ರಲ್ಲಿ ಅಣ್ಣ ಅಕಾಲ ಮರಣಕ್ಕೀಡಾದ ಮೇಲೆ ಕೆಲವು ಕಾಲ ಪತ್ರಿಕೆಯನ್ನು ಅವರೇ ನಡೆಸಿದರು.

ಆ ಕಾಲದಲ್ಲಿ ಅವರ ಮನಸ್ಸೆಲ್ಲ ಹಳೆಯದರ ಕಡೆಗಿತ್ತು. ದೆಹಲಿಯ ಕಟ್ಟಡಗಳ ಬಗ್ಗೆ ‘ಆಸಾರುಸ್ಸನಾದೀದ್’ ಎಂಬ ಗ್ರಂಥ ಬರೆದು 1847ರಲ್ಲಿ ಪ್ರಕಟಿಸಿದರು. ಅದಕ್ಕಾಗಿ ಕುತುಬ್ ಮಿನಾರಿಗೆ ಕಟ್ಟಿದ ಬುಟ್ಟಿಯಲ್ಲಿ ಕುಳಿತು, ನೇತಾಡುತ್ತಾ ಶಾಸನಗಳನ್ನು ನಕಲು ಮಾಡಿಕೊಂಡರು. ಮುಂದೆ ‘ಆಯಿನೆ ಅಕ್ಬರಿ’ಯನ್ನು ಸಂಪಾದಿಸಿ ಮಿರ್ಜಾ ಗಾಲಿಬರಲ್ಲಿ ಮುನ್ನುಡಿ ಕೇಳಿದರು. ಗಾಲಿಬರು ಪಾರ್ಸಿಯಲ್ಲಿ ಪದ್ಯವನ್ನೇನೋ ಬರೆದುಕೊಟ್ಟರು. ಆದರೆ ಸತ್ತ ಕಾಲದ ಕಾನೂನುಗಳನ್ನು ಅಗೆಯುವುದನ್ನು ಬಿಟ್ಟು ಹಬೆಯ ಯಂತ್ರ, ತಂತಿ ಸಮಾಚಾರಗಳ ಹೊಸ ಲೋಕವನ್ನು ನೋಡು ಎಂಬುದು ಅದರ ತಿರುಳು. ಸರ್ ಸಯ್ಯದರು ಅದನ್ನು ಅಚ್ಚು ಹಾಕಿಸಲಿಲ್ಲ!

ಅವರನ್ನು ಬದಲಿಸಿದ್ದು 1857. ಆಗ ಅವರು ಬಿಜನೋರಿನಲ್ಲಿದ್ದರು. ದೆಹಲಿಯಲ್ಲಿ ಬಂಧುಗಳು ಹತರಾದರು. ಅನ್ನ ನೀರಿಲ್ಲದೆ ಅವಿತು ಕುಳಿತಿದ್ದ ತಾಯಿಯನ್ನು ಮೀರತ್‌ಗೆ ಕರೆತಂದರೂ ಆಕೆ ಹೆಚ್ಚು ದಿನ ಬದುಕಲಿಲ್ಲ. ‘ದೆಹಲಿ ಉರ್ದು ಅಖ್ಬಾರ್’ ಪತ್ರಿಕೆಯ ಮೌಲ್ವಿ ಮುಹಮ್ಮದ್ ಬಾಕರ್ ಅವರನ್ನು ಇಂಗ್ಲಿಷರು ಕೊಂದರು. ಅಂತಹ ಭಯದ ದಿನಗಳಲ್ಲಿ ಸರ್ ಸಯ್ಯದರು ದಂಗೆಯ ಕಾರಣಗಳ ಬಗ್ಗೆ ಪುಸ್ತಕ ಬರೆದರು. ಪ್ರಜೆಗಳ ಮನಸ್ಸಿನಲ್ಲಿ ಏನಿದೆಯೆಂದು ಸರ್ಕಾರಕ್ಕೆ ತಿಳಿಯುವ ದಾರಿಯೇ ಇರಲಿಲ್ಲ, ಶಾಸನ ಸಭೆಯಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ ಎಂಬುದು ಅವರ ಮುಖ್ಯ ವಾದ. ಸರ್ಕಾರಿ ನೌಕರನೊಬ್ಬ ಹೀಗೆ ಬರೆಯುವುದು ತಲೆಗೆ ಕುತ್ತು ತಂದುಕೊಂಡಂತೆ. ಸ್ನೇಹಿತರು ಸುಟ್ಟುಬಿಡಲು ಸಲಹೆ ಮಾಡಿದರೂ ಕೇಳದೆ ಅಚ್ಚು ಹಾಕಿಸಿ, ಹೆಚ್ಚಿನ ಪ್ರತಿಗಳನ್ನು ಇಂಗ್ಲೆಂಡಿಗೆ ಕಳಿಸಿದರು.

ಆಳುವವರ ಮಾತು ಪ್ರಜೆಗಳಿಗೆ, ಪ್ರಜೆಗಳ ಮಾತು ಆಳುವವರಿಗೆ ತಲುಪಬೇಕೆಂಬ ಈ ವಿಚಾರವೇ ಮುಂದೆ ಪತ್ರಿಕೆಯಾಯಿತು. 1864ರಲ್ಲಿ ಗಾಜೀಪುರದಲ್ಲಿ ಸೈಂಟಿಫಿಕ್ ಸೊಸೈಟಿ ಸ್ಥಾಪಿಸಿದರು. ಇತಿಹಾಸ, ಬೇಸಾಯ, ಅರ್ಥಶಾಸ್ತ್ರದ ಇಂಗ್ಲಿಷ್ ಪುಸ್ತಕಗಳನ್ನು ಉರ್ದುವಿಗೆ ತರುವುದು ಅದರ ಕೆಲಸ. ಹಿಂದೂ, ಮುಸ್ಲಿಂ, ಇಂಗ್ಲಿಷ್ ಸದಸ್ಯರು ಅದರಲ್ಲಿದ್ದರು. ಅದೇ ವರ್ಷ ಅವರಿಗೆ ಅಲಿಗಢಕ್ಕೆ ವರ್ಗವಾದಾಗ ಸೊಸೈಟಿಯೂ ಜೊತೆಗೆ ಬಂತು. 1866ರ ಮಾರ್ಚ್‌ನಲ್ಲಿ ‘ಅಲಿಗಢ ಇನ್‌ಸ್ಟಿಟ್ಯೂಟ್ ಗೆಜೆಟ್’ ಆರಂಭವಾಯಿತು. ಒಂದೇ ಪುಟದಲ್ಲಿ ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಉರ್ದು. ಓದುಗರಿಗೆ ಕಲ್ಲಚ್ಚಿನ ಸುಂದರ ಕೈಬರಹವೇ ಪ್ರಿಯವಾಗಿದ್ದ ಆ ಕಾಲದಲ್ಲಿ ಅವರು ಅಚ್ಚಿನ ಮೊಳೆಗಳನ್ನು ಬಳಸಿದರು.

1869ರಲ್ಲಿ ಅವರು ಮಗ ಸಯ್ಯದ್ ಮಹಮೂದರ ಜೊತೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರು ಗಮನಿಸಿದ ಒಂದು ಸಂಗತಿ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಹದಿನೆಂಟನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಅಡಿಸನ್ ಮತ್ತು ಸ್ಟೀಲ್ ‘ಟ್ಯಾಟ್ಲರ್’, ‘ಸ್ಪೆಕ್ಟೇಟರ್’ ಎಂಬ ಪುಟ್ಟ ಪತ್ರಿಕೆಗಳ ಮೂಲಕ ಜನರ ಮಾತುಕತೆ, ನಡವಳಿಕೆ, ಅಭಿರುಚಿಗಳನ್ನು ತಿದ್ದಿದ್ದರು. ನಮ್ಮಲ್ಲೂ ಇದು ಸಾಧ್ಯವೆಂದು ಅವರಿಗೆ ಅನ್ನಿಸಿತು. ಊರಿಗೆ ಮರಳುವ ಮೊದಲೇ ಪತ್ರಿಕೆಯ ಹೆಸರಿನ ಅಚ್ಚನ್ನು ಲಂಡನ್ನಿನಲ್ಲೇ ಮಾಡಿಸಿಕೊಂಡರು. 1870ರ ಡಿಸೆಂಬರ್ 24ರಂದು ‘ತಹಜೀಬುಲ್ ಅಖ್ಲಾಕ್’ ಹೊರಬಂತು. ಆಗ ಅವರು ಬನಾರಸ್‌ನಲ್ಲಿ ನ್ಯಾಯಾಧೀಶರು. ಹಗಲು ಕಚೇರಿಯ ಕೆಲಸ, ಉಳಿದ ಹೊತ್ತು ಪತ್ರಿಕೆಗೆ. ಮೊದಲ ಅವಧಿಯ ಸುಮಾರು ಅರ್ಧದಷ್ಟು ಲೇಖನಗಳು ಅವರವೇ.

ಏನಿತ್ತು ಅದರಲ್ಲಿ? ಸೋಮಾರಿತನ, ಮುಖಸ್ತುತಿ, ಪೂರ್ವಗ್ರಹ, ಊಟದ ರೀತಿನೀತಿ, ಆಶೆ ಹೀಗೆ ನಿತ್ಯ ಜೀವನದ ವಿಷಯಗಳು. ‘ಬಹಸ್ ಓ ತಕ್‌ರಾರ್’ ಎಂಬ ಲೇಖನದಲ್ಲಿ ಎದುರುಬದುರಾದ ನಾಯಿಗಳು ಗುರುಗುಟ್ಟಿ, ಹಲ್ಲು ತೋರಿಸಿ, ಕೊನೆಗೆ ಮೈಮೇಲೆ ಬೀಳುವುದನ್ನು ವರ್ಣಿಸಿ, ನಾಗರಿಕತೆ ಇಲ್ಲದವರ ಚರ್ಚೆಯೂ ಹೀಗೇ ಎನ್ನುತ್ತಾರೆ. ಇಂದಿನ ಟಿ.ವಿ. ಚರ್ಚೆಗಳನ್ನು ನೋಡುವಾಗ ನನಗೆ ಈ ಲೇಖನ ನೆನಪಾಗುತ್ತದೆ. ಅಲ್ಲಿಯವರೆಗೆ ಪ್ರಾಸ, ಅಲಂಕಾರಗಳಿಂದ ತುಂಬಿದ್ದ ಉರ್ದು ಗದ್ಯ ಈ ಪತ್ರಿಕೆಯಿಂದ ಸರಳವಾಯಿತು. ಮೌಲ್ವಿ ಚಿರಾಗ್ ಅಲಿ, ಮುಂದೆ ಮೊಹ್ಸಿನುಲ್ ಮುಲ್ಕ್ ಎಂದು ಹೆಸರಾದ ಮೆಹದಿ ಅಲಿ ಅವರಂಥವರು ಇದಕ್ಕೆ ಬರೆಯುತ್ತಿದ್ದರು. ಇವರಿಬ್ಬರೂ ಹೈದರಾಬಾದ್ ಸಂಸ್ಥಾನದಲ್ಲಿ ಉನ್ನತ ಹುದ್ದೆಗಳಲ್ಲಿದ್ದವರು. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳು ಆಗ ಆ ಸಂಸ್ಥಾನಕ್ಕೇ ಸೇರಿದ್ದವು.

ವಿರೋಧವೂ ಅಷ್ಟೇ ಜೋರಾಗಿತ್ತು. ಧರ್ಮದ ವಿಷಯದಲ್ಲಿ ಅವರು ಬರೆದ ವ್ಯಾಖ್ಯಾನಗಳನ್ನು ಬಹುತೇಕ ಉಲೇಮಾಗಳು ಒಪ್ಪಲಿಲ್ಲ. ಅವರ ಮಿತ್ರರಲ್ಲೂ ಅನೇಕರಿಗೆ ಅವು ಒಪ್ಪಿಗೆಯಾಗಲಿಲ್ಲ. ಕಾನ್‌ಪುರದಿಂದ ‘ನೂರುಲ್ ಆಫಾಕ್’, ‘ನೂರುಲ್ ಅನ್ವಾರ್’ ಎಂಬ ಪತ್ರಿಕೆಗಳು ಅವರನ್ನು ಖಂಡಿಸುವುದಕ್ಕಾಗಿಯೇ ಹುಟ್ಟಿದವು. ಮಕ್ಕಾದಿಂದಲೂ ಫತ್ವಾ ತರಿಸಲಾಯಿತು. 1877ರಲ್ಲಿ ಲಖನೌದಲ್ಲಿ ಶುರುವಾದ ‘ಅವಧ್ ಪಂಚ್’ ಅವರನ್ನು ಗೇಲಿ ಮಾಡಿತು. ಪತ್ರಿಕೆಯನ್ನು ವಿರೋಧಿಸಲು ಕೂಡ ಪತ್ರಿಕೆಯೇ ಬೇಕಾಯಿತೆಂಬುದನ್ನು ಗಮನಿಸಬೇಕು. ಅಚ್ಚಿನಲ್ಲಿ ವಾದಿಸುವ ರೂಢಿ ಹೀಗೆ ಎರಡೂ ಪಕ್ಷಗಳಿಗೆ ಹತ್ತಿತು.

ಆದರೆ ಈ ಜಗಳದ ಬಿಸಿ ಕಾಲೇಜಿಗೆ ತಟ್ಟಿತು. ಸಂಪಾದಕರ ಧಾರ್ಮಿಕ ವಿಚಾರಗಳಿಗೆ ಹೆದರಿ ಜನ ಚಂದಾ ಕೊಡಲು ಹಿಂಜರಿದರು. ಆಗ ಸರ್ ಸಯ್ಯದರು ತಮ್ಮ ಧಾರ್ಮಿಕ ಅಭಿಪ್ರಾಯಗಳು ಕಾಲೇಜಿನ ಪಾಠಕ್ಕೆ ಬರುವುದಿಲ್ಲವೆಂದು ಒಪ್ಪಿ, ಧರ್ಮ ಶಿಕ್ಷಣವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಹಠವಾದಿಯಾದ ಅವರಿಗೆ ಇದು ಸುಲಭವಾಗಿರಲಾರದು. 1875ರ ಮೇ 24ರಂದು ಶಾಲೆ ತೆರೆಯಿತು, 1877ರ ಜನವರಿಯಲ್ಲಿ ಲಾರ್ಡ್ ಲಿಟನ್ ಕಾಲೇಜಿಗೆ ಅಡಿಗಲ್ಲು ಹಾಕಿದರು. ಹಣಕ್ಕಾಗಿ ಅವರು ಲಾಟರಿಯನ್ನೂ ನಡೆಸಿದ್ದುಂಟು. ‘ತಹಜೀಬ್’ 1876ರಲ್ಲಿ ನಿಂತಿತು. ಮತ್ತೆ ಎರಡು ಬಾರಿ ಶುರುವಾಗಿ ನಿಂತುಹೋಯಿತು. 1886ರಲ್ಲಿ ಅವರು ಮುಸ್ಲಿಂ ಶಿಕ್ಷಣ ಸಮ್ಮೇಳನವನ್ನು ಸ್ಥಾಪಿಸಿದರು. ಕಾಂಗ್ರೆಸ್ಸನ್ನು ವಿರೋಧಿಸಿದ ಅವರ ರಾಜಕೀಯದ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯಗಳಿವೆ.

ಅವರ ಒಂದು ಕೊರತೆಯನ್ನು ಹೇಳದಿದ್ದರೆ ನಮ್ಮ ವಿದ್ಯಾರ್ಥಿನಿಯರಿಗೆ ಅನ್ಯಾಯವಾದೀತು. ಗಂಡಸರು ಕಲಿತರೆ ಹೆಂಗಸರ ಶಿಕ್ಷಣ ತಾನಾಗಿ ಬರುತ್ತದೆಂದು ನಂಬಿದ್ದ ಅವರು ಹೆಣ್ಣುಮಕ್ಕಳ ಶಾಲೆಗೆ ಮುಂದಾಗಲಿಲ್ಲ. ಮೌಲ್ವಿ ಮುಮ್ತಾಜ್ ಅಲಿ ಸ್ತ್ರೀಯರ ಹಕ್ಕುಗಳ ಬಗ್ಗೆ ಬರೆದ ಪುಸ್ತಕವನ್ನು ಹಸ್ತಪ್ರತಿಯಲ್ಲಿ ನೋಡಿ ಅವರು ಮೆಚ್ಚಲಿಲ್ಲ. 1898ರ ಮಾರ್ಚ್ 27ರಂದು ಸರ್ ಸಯ್ಯದರು ತೀರಿಕೊಂಡರು. ಆ ಪುಸ್ತಕ ಅಚ್ಚಾದದ್ದು ಅದರ ನಂತರವೇ. ಅದೇ ವರ್ಷ ಲಾಹೋರಿನಲ್ಲಿ ಮುಮ್ತಾಜ್ ಅಲಿ ಅವರ ಪತ್ನಿ ಮುಹಮ್ಮದಿ ಬೇಗಂ ಅವರ ಸಂಪಾದಕತ್ವದಲ್ಲಿ ಸ್ತ್ರೀಯರ ವಾರಪತ್ರಿಕೆಯೊಂದು ಹೊರಟು ಸುಮಾರು ಅರ್ಧ ಶತಮಾನ ನಡೆಯಿತು. ಅದರ ಹೆಸರು ‘ತಹಜೀಬೆ ನಿಸ್ವಾನ್’.